ಬೋಟಿಗೆ ಬೆರೆಸಿದ ರೆಸಿನ್

"ಮೇಡಂ, ಮೇಸ್ತ್ರಿ ಬರ್ಲಿಲ್ವಾ?" ಎಂದು ಕೇಳಿದ್ದ ಗುರುಕಿರಣ್, ಮೊದಲ ಭಾನುವಾರ. ನಾನೇ ಮೇಸ್ತ್ರಿ ಎಂದೆ. ಅವನ ಮುಖ ನೋಡಬೇಕಿತ್ತು.

ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಹಳೇ ಮೋಟಾರ್ ಬೋಟ್ ಕೊಂಡು, ಸಿದ್ಧಾರ್ಥನಗರದ ಮನೆಯಂಗಳದಲ್ಲಿ ಟ್ರೇಲರ್ ಮೇಲೆ ನಿಲ್ಲಿಸಿದ್ದ. ಇಂಜಿನ್ ಅವನೇ ಬಿಚ್ಚಿ ಸರಿಮಾಡುತ್ತಿದ್ದ. ತಳದಲ್ಲಿ ನನ್ನ ಅಂಗೈ ತೂರುವಷ್ಟು ಬಿರುಕು. ಕಡಕೊಳದಲ್ಲಿ ಫೈಬರ್ ಟ್ಯಾಂಕ್ ಮಾಡುವ ಈ ಸಿಂಚನಾಗೆ ಅದು ನಾಲ್ಕು ಭಾನುವಾರದ ಕೆಲಸ. ಹನ್ನೊಂದು ಭಾನುವಾರ ಹಿಡಿಯಿತು. ಅದು ಬೋಟಿನ ತಪ್ಪಲ್ಲ.

ಬಿರುಕಿಗೆ ಹಚ್ಚುವ ರೆಸಿನ್ ಅಂಟಿಗೆ ಹಾರ್ಡನರ್ ಬೆರೆಸಿದರೆ ಹದಿನೈದೇ ನಿಮಿಷ. ಅಷ್ಟರೊಳಗೆ ಹಚ್ಚದಿದ್ದರೆ ಮಗ್‌ನಲ್ಲೇ ಕಲ್ಲಾಗುತ್ತದೆ. ಆ ಹದಿನೈದು ನಿಮಿಷ ನಾವಿಬ್ಬರೂ ಬೋಟಿನಡಿ ಅಂಗಾತ ಮಲಗಿರುತ್ತಿದ್ದೆವು. ನನ್ನ ಕೈಯಲ್ಲಿ ಬ್ರಷ್, ಅವನ ಕೈಯಲ್ಲಿ ಅದರ ಮೇಲೆ ಅಂಟಿಸುವ ಫೈಬರ್ ಮ್ಯಾಟ್. ಮೇಲೆ ನೋಡಬೇಕಾದವನು ನನ್ನ ಕಡೆಗೇ ನೋಡುತ್ತಿದ್ದ.

"ಮ್ಯಾಟ್ ಜಾರ್ತಿದೆ," ಎಂದೆ.

"ಜಾರ್ಲಿ ಬುಡು."

"ಆಮೇಲೆ ನಿಮ್ಮ ಬೋಟೇ ಮುಳುಗೋದು, ನಾನಲ್ಲ."

"ನೀನೂ ಅದ್ರಲ್ಲೇ ಇರ್ತೀಯಲ್ಲ. ಮದ್ವೆ ಆದ್ಮೇಲೆ ದಿನಾ ಕರ್ಕೊಂಡೋಗ್ತೀನಿ."

ನನ್ನ ಬ್ರಷ್ ನಿಂತೇಹೋಯಿತು. ಮಗ್ ಗಟ್ಟಿಯಾಯಿತು. ರೆಸಿನ್ ಹಾಳಾಗಿದ್ದಕ್ಕೆ ನಾನು ಖುಷಿಪಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

"ಆಯುಧಪೂಜೆ ದಿನ ಬೋಟಿನ ಮುಂದೇನೇ ಅಮ್ಮಂಗೆ ಹೇಳ್ತೀನಿ," ಎಂದ. "ಸೀರೆ ಉಟ್ಕೊಂಡು ಬಾ."

ಉಟ್ಟುಕೊಂಡು ಹೋದೆ, ಮಲ್ಲಿಗೆ ಮುಡಿದು. ಬೆರಳಿನ ರೆಸಿನ್ ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಬೋಟಿಗೆ ಬಾಳೆಕಂದು, ಚೆಂಡುಹೂವು. ಟ್ರೇಲರ್ ಚಕ್ರದಡಿ ನಿಂಬೆಹಣ್ಣು. ಪಕ್ಕದಲ್ಲಿ ನನ್ನ ರೆಸಿನ್ ಡಬ್ಬಕ್ಕೂ ಬ್ರಷ್ಷಿಗೂ ವಿಭೂತಿ, ಕುಂಕುಮ.

ಅವನ ತಾಯಿ ಪ್ರೇಮಲೀಲಾ ಮಂಗಳಾರತಿ ಮುಗಿಸಿ, ನೆಂಟರ ಹೆಣ್ಣುಮಕ್ಕಳಿಗೆಲ್ಲ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತ ಬಂದರು. ನಾನು ಸೆರಗು ಒಡ್ಡಿದೆ.

"ಇವ್ರು ಯಾರು ಕಿರಣ?"

ಹೇಳು, ಎಂದು ಅವನನ್ನೇ ನೋಡಿದೆ. ಅವನು ನಿಂಬೆಹಣ್ಣನ್ನು ನೋಡುತ್ತಿದ್ದ.

"ಫೈಬರ್ ಕೆಲಸದವ್ರು ಅಮ್ಮ."

ಕುಂಕುಮದ ತಟ್ಟೆ ನನ್ನನ್ನು ದಾಟಿ ಮುಂದೆ ಹೋಯಿತು. ಪ್ರೇಮಲೀಲಾ ಕೆಲಸದವರಿಗೆಂದು ಕಟ್ಟಿಟ್ಟಿದ್ದ ಕಡ್ಲೆಪುರಿಯ ಪೊಟ್ಟಣ ತಂದು, ಒಡ್ಡಿದ್ದ ಸೆರಗಿಗೇ ಹಾಕಿದರು. "ಚೆನ್ನಾಗಿ ಮಾಡಿದ್ದೀಯ ಕಣಮ್ಮ," ಎಂದರು. ಒಳ್ಳೆಯ ಹೆಂಗಸು. ಅವರಿಗೇನು ಗೊತ್ತಿತ್ತು, ಪಾಪ.

ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ ಅವನು ಟ್ರೇಲರ್ ಹಿಂದೆ ಬಂದ.

"ನಿನ್ನ ಬಿಟ್ರೆ ನಂಗ್ಯಾರೂ ಬೇಡ ಕಣೆ. ಅಷ್ಟು ಜನರ ಮುಂದೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಸ್ವಲ್ಪ ಟೈಮ್ ಕೊಡು."

ಕುಂಕುಮ ಹಚ್ಚಿದ್ದ ಡಬ್ಬಕ್ಕೆ ಕೈಹಾಕಿದೆ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರ್ದು," ಎಂದ ಗಾಬರಿಯಿಂದ.

"ಗೊತ್ತು." ಮಗ್‌ಗೆ ರೆಸಿನ್ ಸುರಿದು, ಹಾರ್ಡನರ್ ಹಾಕಿ, ಕಡ್ಡಿಯಿಂದ ಕಲಕಿದೆ. "ಇದು ಗಟ್ಟಿಯಾಗೋ ತನಕ ಕಾಯ್ತೀನಿ. ಅಮ್ಮಂಗೆ ಹೇಳಿ, ಕರ್ಕೊಂಡು ಬಾ."

ಅವನು ಓಡಿದ. ನಿಜಕ್ಕೂ ಓಡಿದ. ಆ ಓಟ ನೋಡಿಯೇ ನಾನು ಅವನನ್ನು ಮತ್ತೆ ಪ್ರೀತಿಸಿದೆ, ನಾಚಿಕೆಗೆಟ್ಟವಳು.

ಗೇಟಿನ ಹತ್ತಿರ ನಿಂತು ಕಲಕುತ್ತಿದ್ದೆ. ಒಳಗೆ ನಗು. "ಕಿರಣಂಗೆ ಇನ್ನೊಂದು ಹೋಳಿಗೆ ಹಾಕಿ," ಎಂದು ಯಾರೋ ಅಂದರು. ಬೇಡ ಎನ್ನುವ ದನಿ ಕೇಳಲಿಲ್ಲ. ಮಗ್ ಬಿಸಿಯಾಯಿತು. ಕಡ್ಡಿ ನಿಂತಲ್ಲೇ ನಿಂತಿತು.

ಆಗ ಅವನು ಓಡಿಬಂದ. ಅವನ ಹಿಂದೆ ಅಮ್ಮ ಇರಲಿಲ್ಲ. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಹೇಳಿದ್ಯಾ?"

"ಊಟದ ಹೊತ್ತಲ್ಲಿ ಹೆಂಗೆ ಹೇಳ್ಲಿ ಸಿಂಚು? ತಗೋ, ಅಮ್ಮ ಹೋಳಿಗೆ ಕಳ್ಸಿದ್ರು. ಕೆಲಸ ಮಾಡಿದವ್ರು ಹಸ್ಕೊಂಡು ಹೋಗ್ಬಾರ್ದಂತೆ."

ಹೋಳಿಗೆ ತೆಗೆದುಕೊಂಡೆ. ಮಗ್ ಅವನ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ನೋಡಿದ.

"ಇನ್ನೂ ಬಿಸಿ ಇದೆ ಕಣೆ," ಎಂದ, ಆಸೆಯಿಂದ.

"ಗಟ್ಟಿಯಾದ್ಮೇಲೂ ಸ್ವಲ್ಪ ಹೊತ್ತು ಇರುತ್ತೆ," ಎಂದು ಹೊರಗೆ ಬಂದು ಗೇಟು ಎಳೆದುಕೊಂಡೆ.