ತಾತ ಇಳಿಸಿದ ಮೈನ್

“ಸರ್ವರ್ ಸಿಗುತ್ತಿಲ್ಲ” ಎಂದು ಫೋನು ಮತ್ತೆ ತೋರಿಸಿತು.

ಮೇನಕಾ ಅಮ್ಮನ ಫೋನನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು. ನೆಟ್ ಇತ್ತು. ಗಂಟೆ ಮೂರು ಐವತ್ತು. ಸರಿಯಾಗಿ ನಾಲ್ಕಕ್ಕೆ ಅವಳ ಅಜ್ಜಿ ಸಿದ್ದಲಕ್ಷ್ಮಮ್ಮ ಟಿವಿಯಲ್ಲಿ ಹಾಡಲಿದ್ದಳು. ಆ ಅಜ್ಜಿ ಈಗ ಇಲ್ಲೇ, ಹರೂರಿನಲ್ಲಿ ತನ್ನ ತಂಗಿಯ ಮನೆಯಲ್ಲಿ ಕೂತು, ಕಿವಿ ಚುಚ್ಚಿಸಿಕೊಂಡು ಅಳುತ್ತಿದ್ದ ತಂಗಿಯ ಮೊಮ್ಮಗುವಿನ ಬಾಯಿಗೆ ಲಾಡು ಮುರಿದು ಹಾಕುತ್ತಿದ್ದಳು.

ಎರಡು ತಿಂಗಳ ಹಿಂದೆ ಕನ್ನಡ ಚಾನೆಲ್‌ನವರು ಹೊಗೆನಕಲ್‌ಗೆ ಬಂದಿದ್ದರು. ಅದು ಅಜ್ಜಿಯ ತವರು. ಅಜ್ಜಿಯ ಅಪ್ಪ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದವರು. ಚಾನೆಲ್‌ನವರು ಅಜ್ಜಿಯನ್ನು ಹರಿಗೋಲಿನಲ್ಲಿ ಕೂರಿಸಿ, ಅಪ್ಪ ಕಲಿಸಿದ ಹಾಡನ್ನು ಹಾಡಿಸಿಕೊಂಡು ಹೋದರು. “ಒಂದೇ ಸಲ ಹಾಕ್ತೀವಿ, ನೆಟ್‌ನಲ್ಲಿ ಇರಲ್ಲ. ತಪ್ಪಿಸ್ಕೋಬೇಡಿ” ಎಂದಿದ್ದರು.

ಹರೂರಿನ ಕೇಬಲ್‌ನಲ್ಲಿ ಆ ಚಾನೆಲ್ ಬರುವುದಿಲ್ಲ. “ನಾ ಅರೂರಿಗೆ ಬರಾಕಿಲ್ಲ. ಮೆಟ್ಟೂರ್ ಮನೇಲೇ ಇದ್ದು ಟಿವಿ ನೋಡ್ತೀನಿ” ಎಂದು ಅಜ್ಜಿ ಹಟ ಹಿಡಿದಿದ್ದಳು. ಒಪ್ಪಿಸಿದ್ದು ಮೇನಕಾ.

“ನಮ್ ಸರ್ವರ್ ರೆಕಾರ್ಡ್ ಮಾಡ್ತೈತೆ ಅಜ್ಜಿ. ಅರೂರಲ್ಲೇ ಫೋನಲ್ಲಿ ತೋರಿಸ್ತೀನಿ. ಪ್ರಾಮಿಸ್.”

ಸರ್ವರ್ ಅಂದರೆ ಅಪ್ಪ ಶಂಕರ್ ಹಳೆಯ ಕಂಪ್ಯೂಟರ್‌ನಿಂದ ಮಾಡಿದ ಕಪ್ಪು ಪೆಟ್ಟಿಗೆ. ಟೆರೇಸ್ ಮೇಲಿನ ಡಿಶ್‌ನ ವಯರು ನೇರ ಅದರೊಳಕ್ಕೆ ಹೋಗುತ್ತದೆ. ಹೇಳಿದ ಹೊತ್ತಿಗೆ ಅದು ಟಿವಿ ಕಾರ್ಯಕ್ರಮವನ್ನು ಹಿಡಿದಿಡುತ್ತದೆ. ಯಾವ ಊರಿನಲ್ಲಿದ್ದರೂ ಫೋನಿನಲ್ಲಿ ನೋಡಬಹುದು. ಭಾನುವಾರ ನಾಲ್ಕು ಗಂಟೆ ಎಂದು ಟೈಮರ್ ಹಾಕಿದ್ದು ಮೇನಕಾಳೇ. ಮೂರು ಸಲ ಚೆಕ್ ಮಾಡಿದ್ದಳು.

“ಅಮ್ಮ, ಅಪ್ಪಂಗೆ ಫೋನ್ ಮಾಡು!”

“ಡ್ಯೂಟೀಲಿ ಇದ್ದಾರಲ್ಲೇ” ಎಂದಳು ಅಮ್ಮ ಶಶಿಕಲಾ. “ಫ್ಯಾಕ್ಟರಿ ಗೇಟಲ್ಲೇ ಫೋನ್ ಇಸ್ಕೊಂಬಿಡ್ತಾರೆ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ತಾತ ಚಿನ್ನಪ್ಪ ತಲೆ ಎತ್ತಿದರು. “ಏನಾತವ್ವ?”

“ಸರ್ವರ್ ಆಫ್ ಆಗೈತೆ ತಾತ.”

“ಆ ಕಪ್ಪು ಪೆಟ್ಟಿಗೇನಾ? ಆಗ್ದೆ ಇನ್ನೇನು? ಊರಿಗೆ ಓಗೋವಾಗ ಯಾರಾದ್ರೂ ಕರೆಂಟ್ ಉರಿಯಾಕೆ ಬಿಟ್ಟು ಓಗ್ತಾರಾ? ನಾನೇ ಆರಿಸ್ದೆ.”

ತಾತ ಮೂವತ್ತೆರಡು ವರ್ಷ ಮೆಟ್ಟೂರಿನ ಥರ್ಮಲ್ ಪ್ಲಾಂಟ್‌ನಲ್ಲಿ ಕಲ್ಲಿದ್ದಲಿನ ಬೆಲ್ಟ್ ನೋಡಿಕೊಂಡವರು. ಮನೆಯಲ್ಲಿ ಯಾರಾದರೂ ಫ್ಯಾನ್ ಆರಿಸಲು ಮರೆತರೆ, “ಓಯ್ತು, ಒಂದು ಬಾಂಡ್ಲಿ ಕಲ್ಲಿದ್ಲು ಓಯ್ತು!” ಎನ್ನುವರು. ಬಾಗಿಲು ದಾಟುವಾಗ ಸ್ವಿಚ್ಚು ನೋಡದೆ ದಾಟಿದವರಲ್ಲ.

“ತಾತಾ! ಅದನ್ಯಾಕೆ ಮುಟ್ಟಿದೆ?” ಮೇನಕಾ ಕಿರುಚಿದಳು.

ಮಗು ಕೂಡ ಅಳು ನಿಲ್ಲಿಸಿ ನೋಡಿತು. ತಾತ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಇಟ್ಟರು.

“ಮುಟ್ಬಾರ್ದು ಅಂತ ನಂಗ್ಯಾರು ಏಳಿದ್ರು?”

ಮೇನಕಾ ಫೋನನ್ನು ಕೆಳಗಿಳಿಸಿದಳು. ಅವಳು ಕ್ಲಾಸಿನವರಿಗೆಲ್ಲ ಹೇಳಿದ್ದಳು. ಟ್ಯೂಷನ್ ಮಿಸ್‌ಗೆ ಹೇಳಿದ್ದಳು. ಬೆಳಿಗ್ಗೆ ಸೇಲಂ ಬಸ್ಸಿನ ಕಂಡಕ್ಟರ್‌ಗೂ ಹೇಳಿದ್ದಳು. ತಾತನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡು, ತಾತನಿಗೆ ಮಾತ್ರ ಹೇಳಿರಲಿಲ್ಲ.

“ಓಗ್ಲಿ ಬಿಡು ಕಂದ” ಎಂದಳು ಅಜ್ಜಿ. “ನನ್ ಮೊಕ ನಾ ದಿನಾ ಕನ್ನಡೀಲಿ ನೋಡ್ತೀನಲ್ಲ.”

ಆದರೆ ಅವಳ ಕೈಯಲ್ಲಿದ್ದ ಲಾಡು ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಮನೆಗೆ ಬೀಗ. ಬೀಗದ ಕೈ ತಾತನ ಸೊಂಟದಲ್ಲಿ. ಮೆಟ್ಟೂರಿಗೆ ಮೂರು ಗಂಟೆಯ ದಾರಿ.

“ಯಾವ ಸ್ವಿಚ್ ಆರಿಸ್ದೆ ತಾತ?” ಎಂದು ಸಣ್ಣ ದನಿಯಲ್ಲಿ ಕೇಳಿದಳು.

“ಒಂದೊಂದೇ ಯಾಕೆ ಆರಿಸ್ಲಿ? ಮೈನೇ ಇಳಿಸ್ಬಿಟ್ಟೆ.”

“ಅಯ್ಯೋ ಮಾವ, ಫ್ರಿಡ್ಜಲ್ಲಿ ಹಾಲಿತ್ತು!” ಎಂದಳು ಅಮ್ಮ.

ಮೇನಕಾ ಎದ್ದು ನಿಂತಳು. ಮೈನ್ ಇರುವುದು ಜಗಲಿಯ ಗೋಡೆಯಲ್ಲಿ, ಮೀಟರ್ ಪಕ್ಕ. ಬೀಗದ ಹೊರಗೆ! ಒಳಗಿನ ಸ್ವಿಚ್ಚುಗಳೆಲ್ಲ ಹಾಕಿದ ಹಾಗೇ ಇವೆ. ಪೆಟ್ಟಿಗೆ ಮಾಡಿದ ದಿನ ಅಪ್ಪ ಬೇಕೆಂದೇ ಪ್ಲಗ್ ಕಿತ್ತು ಮತ್ತೆ ಚುಚ್ಚಿ ತೋರಿಸಿದ್ದರು: “ನೋಡು, ಕರೆಂಟ್ ಬಂದ್ರೆ ಸಾಕು, ತಾನೇ ಎದ್ದು ಕೂತ್ಕಂತೈತೆ.”

“ತಾತ, ಪಕ್ಕದ ಮನೆ ಪಳನಿ ತಾತಂಗೆ ಫೋನ್ ಮಾಡು. ಮೈನ್ ಎತ್ತು ಅಂತ ಏಳು. ಬೇಗ!”

ಪಳನಿ ಪ್ಲಾಂಟ್‌ನಲ್ಲಿ ತಾತನ ಕೈಕೆಳಗೆ ಕೆಲಸ ಕಲಿತವರು. ಸ್ಪೀಕರ್‌ನಲ್ಲಿ ಅವರ ತಮಿಳು ದೊಡ್ಡದಾಗಿ ಕೇಳಿಸಿತು. “ಎನ್ನಣ್ಣೇ, ವೀಟ್ಲ ಯಾರುಮೇ ಇಲ್ಲಿಯೇ! ಕರೆಂಟ್ ಎದುಕ್ಕು?”

ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಯಾಕೆ? ತಾತನೇ ಮೂವತ್ತು ವರ್ಷ ಕಲಿಸಿದ ಪಾಠ ಅದು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ನಾನ್‌ದಾನಪ್ಪಾ ಸೊಲ್ರೇನ್, ಪೋಡು!” ನಾನೇ ಹೇಳ್ತಿದ್ದೀನಿ, ಹಾಕು ಎಂದು ತಾತ ಗದರಿದರು.

“ನಿಜಮಾವಾ?”

“ಪೋಡುಡಾ!”

ಚಪ್ಪಲಿ ಎಳೆಯುವ ಸದ್ದು. ಗೇಟಿನ ಕಿರ್ರ್. ಆಮೇಲೆ ‘ಟಕ್’.

ಮೂರು ಐವತ್ತೆಂಟು. ‘ಸರ್ವರ್ ಸಿಗುತ್ತಿಲ್ಲ.’

“ಮೊದ್ಲು ಮೋಡೆಮ್ ಏಳ್ಬೇಕು. ಆಮೇಲೆ ಸರ್ವರ್” ಎಂದಳು ಮೇನಕಾ, ತನಗೆ ತಾನೇ.

ನಾಲ್ಕು. ‘ಸಿಗುತ್ತಿಲ್ಲ.’ ತಾತ ಕುರ್ಚಿ ಬಿಟ್ಟು ಅವಳ ಪಕ್ಕ ಬಂದು ನಿಂತರು. ನಾಲ್ಕು ಒಂದು. ನಾಲ್ಕು ಎರಡು.

ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಹತ್ತಿತು. ಅದರ ಪಕ್ಕ ಒಂದು ಕೆಂಪು ಚುಕ್ಕೆ ಮಿನುಗತೊಡಗಿತು.

“ರೆಕಾರ್ಡ್ ಆಗ್ತಾ ಐತೆ!”

ಫೋನನ್ನು ಲಾಡಿನ ಡಬ್ಬಕ್ಕೆ ಒರಗಿಸಿ ಇಟ್ಟರು. ಮನೆಯವರೆಲ್ಲ ತಲೆಗೆ ತಲೆ ತಾಗಿಸಿ ಕೂತರು. ಮೊದಲು ಬರೀ ಹೊಳೆ, ಬಂಡೆ, ಮೀನು ಹುರಿಯುವ ಅಂಗಡಿ. ಶುರುವಿನದು ಸ್ವಲ್ಪ ತಪ್ಪಿತ್ತು ಅಷ್ಟೆ. ಆಮೇಲೆ ಹರಿಗೋಲು ಬಂತು. ಅದರಲ್ಲಿ ಅಜ್ಜಿ.

“ಸೆರಗು ನೋಡು, ಎಂಗೆ ಜಾರೈತೆ! ಒಬ್ರಾದ್ರೂ ನಂಗೆ ಏಳ್ಬಾರ್ದಾ?” ಎಂದಳು ಅಜ್ಜಿ.

ಫೋನಿನೊಳಗಿನ ಅಜ್ಜಿ ಹಾಡಿದಳು.

“ಸುತ್ತು ಅರಿಗೋಲೇ, ಸುಳಿಗೆ ಸಿಕ್ಕಬ್ಯಾಡ,
ಆ ದಡ ನಮ್ಮೋರು, ಈ ದಡ ನಮ್ಮೋರು.”

ಹಿಂದಿನಿಂದ ಇನ್ನೊಂದು ದನಿ ಸೇರಿತು. ಅಜ್ಜಿಯ ತಂಗಿ ಮುನಿಶಾಮಮ್ಮ ಕಣ್ಣು ಮುಚ್ಚಿಕೊಂಡು ಜೊತೆಗೆ ಹಾಡುತ್ತಿದ್ದಳು. ಅಜ್ಜಿ ಅವಳ ಕೈ ಹಿಡಿದುಕೊಂಡಳು. ಲಾಡಿನ ಅಂಟು ಇಬ್ಬರ ಕೈಗೂ ಹತ್ತಿತು.

ಹಾಡು ಮುಗಿದ ಮೇಲೆ ತಾತ ಮೆಲ್ಲಗೆ ಕೆಮ್ಮಿದರು. “ಇಷ್ಟು ಚೆಂದ ಆಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ನೀವು ಯಾವತ್ತು ಕೇಳಿದ್ರಿ?” ಎಂದಳು ಅಜ್ಜಿ. ಎಲ್ಲರೂ ನಕ್ಕರು. ಮೇನಕಾ ಮಾತ್ರ ನಗದೆ ತಾತನ ಮುಖ ನೋಡಿದಳು.

ಮರುದಿನ ಸಂಜೆ, ಮೆಟ್ಟೂರಿನ ಮನೆಯಲ್ಲಿ ತಾತ ಎಂದಿನಂತೆ ಸ್ವಿಚ್ಚುಗಳನ್ನು ನೋಡುತ್ತಾ ಬಂದರು. ಅಡುಗೆಮನೆಯ ಲೈಟ್ ಆರಿತು. ನಡುಮನೆಯ ಫ್ಯಾನ್ ನಿಂತಿತು. ಕಪ್ಪು ಪೆಟ್ಟಿಗೆಯ ಮುಂದೆ ಬಂದಾಗ ಅವರ ಕೈ ಅರ್ಧಕ್ಕೇ ನಿಂತಿತು.

ಮೇನಕಾ ಹೋಂವರ್ಕ್ ಬಿಟ್ಟು ಎದ್ದು ಬಂದಳು. ಸ್ಟೂಲ್ ಎಳೆದು ಹಾಕಿದಳು.

“ಕೂತ್ಕೋ ತಾತ. ತೋರಿಸ್ತೀನಿ. ಇದು ಡಿಶ್‌ನಿಂದ ಬರೋ ವಯರು. ಇದು ಟೈಮರ್. ನಾಳೆ ಏಳು ಗಂಟೆಗೆ ಅಮ್ಮನ ಸೀರಿಯಲ್ ಹಿಡೀಬೇಕು ಅಂತ ಇಲ್ಲಿ ಬರೆದೈತೆ.”

“ಎಷ್ಟು ವಾಟ್ಸ್ ತಿಂತೈತೆ ಇದು?”

ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಬಗ್ಗಿ, ಪೆಟ್ಟಿಗೆಯ ಹಿಂದಿನ ಚೀಟಿ ಓದಿದರು. ತಾತ ಬೆರಳು ಮಡಚಿ ಲೆಕ್ಕ ಹಾಕಿ, “ಪರ್ವಾಗಿಲ್ಲ, ಕಮ್ಮಿ ಉಣ್ಣೋ ಪ್ರಾಣಿ” ಎಂದರು. “ಸರಿ, ನಾಳೆ ಏಳ್ರ ಗಂಟ ಇದಕ್ಕೇನು ಕೆಲ್ಸ?”

“ಏನೂ ಇಲ್ಲ. ಏಳಕ್ಕೆ ಮುಂಚೆ ಆನ್ ಮಾಡಿದ್ರೆ ಸಾಕು.”

“ಅಂಗಾದ್ರೆ ಆರಿಸ್ಲಾ?”

“ಇರು ಇರು. ಮೊದ್ಲು ಇಲ್ಲಿ ಶಟ್‌ಡೌನ್ ಕೊಡ್ಬೇಕು. ನೀನೇ ಒತ್ತು.”

ತಾತ ಒತ್ತಿದರು. ನೀಲಿ ದೀಪ ಎರಡು ಸಲ ಮಿಟುಕಿ ಆರಿತು. ಆಮೇಲೆ ಸ್ವಿಚ್ಚು.

“ಒಂದು ಬಾಂಡ್ಲಿ ಕಲ್ಲಿದ್ಲು ಉಳೀತು” ಎಂದಳು ಮೇನಕಾ.

“ಎಲ್ಲಿ ಬಾಂಡ್ಲಿ? ಇದಕ್ಕೆ ಒಂದು ಇಡಿ” ಎಂದು ತಾತ ಮುಷ್ಟಿ ಹಿಡಿದು ತೋರಿಸಿದರು.