ಮೂರು ವಿಮಾನ, ಒಂದೇ ಕೂಗು

ಪರದೆಯಲ್ಲಿ ಆಕಾಶ ಖಾಲಿಯಿತ್ತು. ಎದುರಿನ ಗಾಜಿನಲ್ಲಿ ಖಾಲಿಯಿರಲಿಲ್ಲ.

ಬಿಳಿ ವಿಮಾನವೊಂದು ನೇರ ನಮ್ಮ ಮೂಗಿಗೇ ಬರುತ್ತಿತ್ತು...

ಪಕ್ಕದಲ್ಲಿದ್ದ ಮುದುಕ ಪೈಲಟ್ ನಮ್ಮ ಹಳದಿ ವಿಮಾನದ ಮೂತಿಯನ್ನು ನೆಲದ ಕಡೆ ತಳ್ಳಿದ. ಬಿಳಿ ಹೊಟ್ಟೆ ತಲೆಯ ಮೇಲೆ ಹಾದುಹೋಯಿತು. ಅದಕ್ಕೆ ಮೆತ್ತಿದ್ದ ಎಣ್ಣೆಯ ಗೆರೆ ಕೂಡ ಕಂಡಿತು.

ನನಗೆ ಹೆದರಿಕೆಯಾಗಲಿಲ್ಲ. ಏನೂ ಆಗಲಿಲ್ಲ. ಕೈಗಳು ತೊಡೆಯ ಮೇಲೆ ಬಿದ್ದಿದ್ದವು, ಬೇರೆ ಯಾರದೋ ಎಂಬಂತೆ.

"ಬದುಕಿದೀರಾ ಮೇಡಂ?"

"ಇಳಿದ್ಮೇಲೆ ನೋಡಿ ಹೇಳ್ತೀನಿ."

ಮುದುಕ ಒಂದೇ ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆದು ನನಗೆ ಕೊಟ್ಟ.

ನಾನು ವಿಮಾ ಕಂಪನಿಯ ತನಿಖೆಯವಳು. ಈ ಫ್ಲೈಯಿಂಗ್ ಸ್ಕೂಲಿನ ಹಳದಿ, ಬಿಳಿ, ನೀಲಿ ಮೂರು ಪುಟ್ಟ ವಿಮಾನಗಳಿಗೆ ಹೊಸ ಟ್ರಾನ್ಸ್‌ಪಾಂಡರ್ ಹಾಕಿದ್ದರು. ತಾನು ಯಾರು, ಎಲ್ಲಿದ್ದೇನೆ ಎಂದು ಸುತ್ತಲಿನವರಿಗೆ ಸದಾ ಕೂಗಿ ಹೇಳುವ ಪೆಟ್ಟಿಗೆ ಅದು. ಬೇರೆಯವರ ಕೂಗು ಕೇಳಿಸಿಕೊಂಡು ಪರದೆಯಲ್ಲಿ ತೋರಿಸಲೂ ಬೇಕು. ಹೊರಗಿನ ವಿಮಾನಗಳೆಲ್ಲ ಕಾಣುತ್ತವೆ, ನಮ್ಮವೇ ಒಂದಕ್ಕೊಂದು ಕಾಣುವುದಿಲ್ಲ ಎಂದು ಪೈಲಟ್‌ಗಳ ದೂರು. ಸ್ಕೂಲಿನ ಯಜಮಾನ ನಕ್ಕುಬಿಟ್ಟಿದ್ದ. ನಾನೇ ಹತ್ತಿ ನೋಡೋಣ ಎಂದುಕೊಂಡೆ.

ನೋಡಿಯೂ ಆಯಿತು.

ಇಳಿದವಳೇ ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಹೋದೆ. ರೇಡಿಯೋ ಮೆಕ್ಯಾನಿಕ್ ಯಜಮಾನನ ಒಡಹುಟ್ಟಿದ ಅಕ್ಕ. ಅಲ್ಲಿದ್ದವರಿಗೆಲ್ಲ ಅವಳು ಅಕ್ಕನೇ.

"ಹೇಗೆ ಹಾಕಿದ್ರಿ ಅಕ್ಕಾ?"

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹಾಕಿದೀನಿ ಮೇಡಂ. ಪೆಟ್ಟಿಗೆ ಆರಿಸಿದ್ದೂ ನಾನೇ. ಆಂಟೆನಾ ಹೊಟ್ಟೆ ಕೆಳಗಿದೆ, ಚಕ್ರ ಅಡ್ಡ ಬರ್ದ ಹಾಗೆ. ಹಳದಿಗೆ ಇಡೀ ದಿನ ಕೂತು ಸೆಟ್ಟಿಂಗ್ ಮಾಡ್ದೆ. ನನ್ನ ತಮ್ಮ ಬೆನ್ನ ಹಿಂದೆ ನಿಂತು ಬೇಗ, ಬೇಗ ಅಂತಿದ್ದ. ಉಳಿದ ಎರಡಕ್ಕೂ ಅದನ್ನೇ ಕಾಪಿ..."

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

"ಕೋಡೂ ಕಾಪಿ ಆಗಿದೆ. ಒಂದೊಂದು ವಿಮಾನಕ್ಕೂ ಬೇರೆ ಕೋಡ್ ಇರ್ಬೇಕು. ಈಗ ಮೂರೂ ‘ನಾನೇ ಹಳದಿ’ ಅಂತ ಕೂಗ್ತಿವೆ."

"ಅದರಿಂದ?"

"ತನ್ನದೇ ಕೋಡ್ ಕೇಳಿಸಿದ್ರೆ ಪರದೆ ತೋರ್ಸಲ್ಲ ಮೇಡಂ. ಅದು ತಾನೇ ಅನ್ಕೊಂಡು ಬಿಟ್ಟುಬಿಡುತ್ತೆ."

"ಈಗ ಮೇಲೆ ಯಾರಿದಾರೆ?"

"ಬಿಳಿಯದರಲ್ಲಿ ಕಲಿಯೋ ಹುಡುಗಿ. ಒಬ್ಬಳೇ, ಕೆರೆ ಮೇಲೆ ಸುತ್ತು ಹಾಕ್ತಿದಾಳೆ. ನೀಲಿಯೂ ವಾಪಸ್ ಬರ್ತಿದೆ... ಅದೇ ಕೆರೆ ಮೇಲಿಂದ."

ಹೊರಗೆ ಮಬ್ಬು. ಇಬ್ಬರೂ ಪರದೆಯನ್ನು ನಂಬಿಕೊಂಡು ಬರುತ್ತಿದ್ದರು.

ರೇಡಿಯೋ ರೂಮಿಗೆ ಓಡಿದೆ. ನಮ್ಮ ಮಾತೆಲ್ಲ ಕೇಳಿಸಿಕೊಂಡು ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದ ಯಜಮಾನ. ಪಕ್ಕದಲ್ಲಿ ಬೀರುವಿನಂಥ ಜೀಪ್ ಡ್ರೈವರ್.

"ರೇಡಿಯೋ ಬೇಡ ಮೇಡಂ. ಆಡಿದ್ದೆಲ್ಲ ರೆಕಾರ್ಡ್ ಆಗುತ್ತೆ. ಲೈಸೆನ್ಸ್ ಹೋಗುತ್ತೆ."

"ಹುಡುಗಿ ಹೋಗ್ತಾಳೆ."

"ಆಕಾಶ ಏನು ಓಣೀನಾ, ಡಿಕ್ಕಿ ಹೊಡಿಯೋಕೆ? ಇಳೀಲಿ, ಸದ್ದಿಲ್ದೆ ಸರಿ ಮಾಡೋಣ."

"ನಾನು ಈಗ ಆ ಓಣಿಯಿಂದಾನೇ ಬಂದೆ."

ಡ್ರೈವರ್ ನನ್ನ ಭುಜಕ್ಕೆ ಕೈ ಹಾಕಿದ. ಅವನ ಮೊಣಕಾಲಿಗೆ ಒದ್ದೆ. ಹಳದಿ ವಿಮಾನದತ್ತ ಓಡಿದೆ. ಅದರಲ್ಲೂ ರೇಡಿಯೋ ಇತ್ತಲ್ಲ... ಹಿಂದೆ ಜೀಪು ಗುರುಗುಟ್ಟಿತು.

ಅಕ್ಕ ತನ್ನ ಸಾಮಾನಿನ ಗಾಡಿಯನ್ನು ಜೀಪಿಗೆ ಅಡ್ಡ ತಳ್ಳಿದಳು. ಸ್ಪ್ಯಾನರುಗಳು ಚೆಲ್ಲಾಪಿಲ್ಲಿ.

"ನಿಂಗೆ ತಲೆ ಕೆಟ್ಟಿದ್ಯಾ ಅಕ್ಕಾ?" ಯಜಮಾನ ಕೂಗಿದ.

"ಈಗ ನೆಟ್ಟಗಾಯ್ತು ಕಣೋ."

ಮುದುಕ ಇನ್ನೂ ಒಳಗೇ ಕೂತಿದ್ದ. ನಾನು ರೇಡಿಯೋ ಎಂದದ್ದೇ ಸ್ವಿಚ್ಚು ಹಾಕಿ ಮೈಕನ್ನು ನನ್ನ ಎಡಗೈಗೆ ಕೊಟ್ಟ. ಬಲಗೈಯಲ್ಲಿ ಬಾಗಿಲಿನ ಅಂಚು ಹಿಡಿದಿದ್ದೆ.

"ಬಿಳಿ, ನೀಲಿ! ಪರದೆ ನಂಬಬೇಡಿ. ನೀವಿಬ್ರೂ ಒಬ್ಬರಿಗೊಬ್ಬರು ಕಾಣ್ತಿಲ್ಲ. ಬಿಳಿ, ಮೇಲಕ್ಕೆ ಹತ್ತು. ನೀಲಿ, ಇದ್ದ ಎತ್ತರದಲ್ಲೇ ಇರು..."

ಡ್ರೈವರ್ ಜೀಪು ಬಿಟ್ಟು ಕುಂಟುತ್ತ ಬಂದು ಬಾಗಿಲನ್ನು ಬಡಿದ. ನನ್ನ ಕೈ ಮೇಲೆ.

ಚಟ್ ಎಂದಿತು. ಎರಡು ಬೆರಳಿರಬೇಕು. ನೋವು ಬರಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

ಆಮೇಲೆ ರೇಡಿಯೋದಲ್ಲಿ ನೀಲಿಯ ಪೈಲಟ್‌ನ ಒಣಗಿದ ದನಿ.

"ಕಂಡಳು... ನನ್ನ ತಲೆ ಮೇಲೇ ಹೋಗ್ತಿದಾಳೆ."

ಡ್ರೈವರ್ ಬಾಗಿಲು ಬಿಟ್ಟ. ಅವನಿಗೂ ಕೇಳಿಸಿತ್ತು.

ಯಜಮಾನ ರನ್‌ವೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅಕ್ಕ ತನ್ನ ತಪ್ಪನ್ನು ತಾನೇ ಬರೆದುಕೊಡುತ್ತೇನೆ ಎಂದಳು. ಮೊದಲು ಒಗೆದ ಬಟ್ಟೆ ಹುಡುಕಿ ತಂದು ನನ್ನ ಬೆರಳು ಸುತ್ತಿದಳು. ಎಳೆಗೂಸಿಗೆ ಸುತ್ತುವಷ್ಟು ಸಡಿಲವಾಗಿ.

ನೀಲಿ ಇಳಿಯಿತು. ಬಿಳಿಯೂ ಇಳಿಯಿತು. ಹುಡುಗಿ ಹೆಡ್‌ಫೋನ್ ಕಿತ್ತು ಸಿಡಿಮಿಡಿಗುಟ್ಟುತ್ತ ನಮ್ಮ ಕಡೆ ಬಂದಳು.

"ರೇಡಿಯೋದಲ್ಲಿ ಕಿರುಚಿದ್ದು ಯಾರು? ನನ್ನ ಕಿವಿ ತೂತಾಯ್ತು."

ನಾನು ಎಡಗೈ ಎತ್ತಿದೆ. ಬಲಗೈ ಏಳಲಿಲ್ಲ.