ನಾಕು ಬೆರಳು

೧೯೭೯ರಾಗ ನನ್ನ ಬಾಡಿಗಿ ಕಾರಿನ ಹಿಂದಿನ ಎಡಬದಿ ಭಾರ ಹೊರೂ ಸ್ಪ್ರಿಂಗ್ ಪಾಟಾ ಮುರೀತು. ಹೊಸಾದು ಸಿಗಲಿಲ್ಲಂತ ಸವಣೂರ ಗುಜರಿಯಿಂದ ದುಂಡಸಿ ತಿರುವಿನಾಗ ಅಪಘಾತಾಗಿದ್ದ ಕಾರಿನ ಪಾಟಾ ತಂದು ಹಾಕಿಸಿದೆ. ಅವತ್ತಿಂದ ಖಾಲಿ ಕಾರು ಸೈತ ಎಡಕ್ಕ ಕುಸಿದಿರತಿತ್ತು.

"ಪಾಟಾ ನೆಟ್ಟಗೈತ್ರಿ. ಆದ್ರ ಒಬ್ಬರು ಕುಂತಷ್ಟು ಭಾರ ಬಿದ್ದೈತಿ," ಅಂದ ಮೇಸ್ತ್ರಿ ಉಡಚಪ್ಪ.

ದುಂಡಸಿ ತಿರುವಿಗೆ ಬಂದ್ರ ಹಿಂದಿನ ಸೀಟಿನ ಕೆಳಗ ಯಾರೋ ಮೂರು ಸಲ ಬಡದಂಗ ಸಪ್ಪಳ ಆಗತಿತ್ತು. ನಿಲ್ಲಿಸಿದರ, ಒಬ್ಬರು ಇಳದಂಗ ಕಾರು ನಾಕು ಬೆರಳು ಮ್ಯಾಲೇಳತಿತ್ತು.

ಒಂದು ಮಧ್ಯಾಹ್ನ ಜ್ವರ ಬಂದಿದ್ದ ನಮ್ಮಕ್ಕ ತಿಪ್ಪವ್ವನ್ನ ದವಾಖಾನಿಗೆ ಒಯ್ಯೂ ಗಡಿಬಿಡಿಯಾಗ ಆ ತಿರುವಿನಾಗ ನಿಲ್ಲಿಸಲಿಲ್ಲ. ಅಲ್ಲೇ ಪಾಟಾ ತುಂಡಾಗಿ ಕಾರು ತೆಗ್ಗಿಗೆ ಬಿತ್ತು. ಆಕಿ ಕಾಲು ಮುರೀತು.

ಹೊಸಾ ಪಾಟಾ ಹಾಕಿಸಿ ಆರು ವರ್ಷಾತು, ಎಡಕ್ಕ ಕುಸಿಯೂದು ಮಾತ್ರ ನಿಂತಿಲ್ಲ. ಇವತ್ತಿಗೂ ಆ ತಿರುವಿನಾಗ ನಿಲ್ಲಿಸ್ತೇನಿ, ಕಾರು ಮ್ಯಾಲೇಳ್ತೈತಿ. ತಿರುಗಿ ಬರುವಾಗ ಅಲ್ಲೇ ನಾಕು ಬೆರಳು ಕುಸೀತೈತಿ.